ಮೊದಲು ಚೀಟಿ, ಆಮೇಲೆ ಫ್ರೇಮ್

ಇಪ್ಪತ್ತು ವರ್ಷದ ಹಿಂದೆ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ಅಮ್ಮ ನನ್ನ ಕನ್ನಡಕ ತೆಗೆದು ದೇವರಮನೆಯ ಗೂಡಿನಲ್ಲಿ ಇಟ್ಟಿದ್ದಳು. "ಅರ್ಧ ಗಂಟೆ ಅಷ್ಟೇ, ಸುಧಾರಿಸಿಕೋ" ಅಂದಳು. ನನ್ನ ಪವರ್ ಮೈನಸ್ 5. ಅಂದರೆ ಬರಿಗಣ್ಣಿಗೆ ಸ್ಪಷ್ಟವಾಗಿ ಕಾಣುವುದು 20 ಸೆಂಟಿಮೀಟರ್‌ವರೆಗೆ ಮಾತ್ರ. ಒಂದು ಗೇಣೂ ಇಲ್ಲ. ಆ ಹುಡುಗ ಕೂತಿದ್ದು ಹತ್ತಡಿ ಆಚೆ. ಅವನ ಅಂಗಿ ನೀಲಿ ಅನ್ನುವುದು ಬಿಟ್ಟರೆ ನನಗೆ ಏನೂ ತಿಳಿಯಲಿಲ್ಲ. ಅವಲಕ್ಕಿ ತಟ್ಟೆ ಕೊಡುವಾಗ ಚಾಪೆಯ ಅಂಚು ಕಾಣದೆ ಎಡವಿದೆ. ಆ ಅವಮಾನ ಇನ್ನೂ ಮರೆತಿಲ್ಲ.

ಅದಕ್ಕೇ ಈಗಿನ ಹುಡುಗಿಯರು ಮದುವೆ ಫೋಟೋದಲ್ಲೂ ಕನ್ನಡಕ ಹಾಕಿಕೊಂಡೇ ನಿಲ್ಲುವುದು ನೋಡಿದರೆ ಖುಷಿಯಾಗುತ್ತದೆ. ಶಾಲೆಯಲ್ಲಿ ನಮ್ಮನ್ನು "ಸೋಡಾಬುಡ್ಡಿ" ಅಂತ ಕರೆಯುತ್ತಿದ್ದರು. ಈಗ ಮಕ್ಕಳು ದಪ್ಪ ಕಪ್ಪು ಫ್ರೇಮ್, ದುಂಡನೆಯದು, ಬೆಕ್ಕಿನ ಕಣ್ಣಿನ ಆಕಾರದ್ದು ಅಂತ ಆಸೆಪಟ್ಟು ಆರಿಸುತ್ತಾರೆ. ಇದನ್ನು ಯಾರಾದರೂ ಶೋಕಿ ಅಂತ ಮೂಗು ಮುರಿದರೆ ನಾನು ಒಪ್ಪುವುದಿಲ್ಲ. ಮುಖದ ಮೇಲೆ ದಿನಪೂರ್ತಿ ಇರುವ ವಸ್ತು ಚೆನ್ನಾಗಿರಬೇಕು ಅನ್ನಿಸುವುದು ಸಹಜ ಅಲ್ವಾ?

ಆದರೆ ಒಂದು ವಿಷಯ ನನ್ನನ್ನು ಕಾಡುತ್ತದೆ. ಫ್ರೇಮ್ ಆರಿಸಲು ಒಂದು ಗಂಟೆ ಕೊಡುವ ನಾವು ಕಣ್ಣು ಪರೀಕ್ಷಿಸಿ ಪವರ್ ಬರೆದುಕೊಟ್ಟ ಚೀಟಿಯನ್ನು ಒಂದು ನಿಮಿಷವೂ ಓದುವುದಿಲ್ಲ. ಅದನ್ನು ಸುಮ್ನೆ ಅಂಗಡಿಯವರ ಕೈಗೆ ಕೊಟ್ಟುಬಿಡುತ್ತೇವೆ.

ನಾನೂ ಹಾಗೇ ಮಾಡಿದ್ದೆ. ಎರಡು ವರ್ಷದ ಹಿಂದೆ ಒಂದು ಅಂಗಡಿಯಲ್ಲಿ ದೊಡ್ಡ ಚೌಕದ ಫ್ರೇಮ್ ಇಷ್ಟವಾಯಿತು. ಗಾಜು ತೆಳ್ಳಗಿರಲಿ ಅಂತ (ಇಂಡೆಕ್ಸ್ ಸಂಖ್ಯೆ ಹೆಚ್ಚಿದಷ್ಟೂ ಅದೇ ಪವರ್‌ಗೆ ಲೆನ್ಸ್ ತೆಳು) 1.67 ಇಂಡೆಕ್ಸ್‌ನ ದುಬಾರಿ ಲೆನ್ಸ್ ಹಾಕಿಸಿದೆ. ಕನ್ನಡಕ ಬಂದಾಗ ಅಂಚು ಮತ್ತೆ ಅದೇ ಸೋಡಾಬುಡ್ಡಿ. ಜೊತೆಗೆ ಸಂಜೆಯಾದರೆ ತಲೆನೋವು. "ಹೊಸದು, ಅಭ್ಯಾಸ ಆಗುತ್ತೆ" ಅಂದರು. ಮೂರು ವಾರ ಕಾದೆ. ಆಗಲಿಲ್ಲ. ಕೊನೆಗೆ ಬೇರೆ ಕಡೆ ಒಬ್ಬರು ಆಪ್ಟೊಮೆಟ್ರಿಸ್ಟ್, ಅಂದರೆ ಕಣ್ಣಿನ ಪವರ್ ಪರೀಕ್ಷಿಸುವವರು, ಹಾಳೆ ಪೆನ್ನು ತೆಗೆದು ಲೆಕ್ಕ ಮಾಡಿ ತೋರಿಸಿದರು.

ನನ್ನ ಆ ಫ್ರೇಮ್ ಕಡ್ಡಿಯ ಒಳಗಡೆ 56-18-140 ಅಂತ ಬರೆದಿತ್ತು. ಗಾಜಿನ ಅಗಲ, ಮೂಗಿನ ಮೇಲಿನ ಸೇತುವೆ, ಕಡ್ಡಿಯ ಉದ್ದ, ಎಲ್ಲ ಮಿಲಿಮೀಟರ್‌ನಲ್ಲಿ. 56 ಮತ್ತು 18 ಕೂಡಿಸಿದರೆ 74. ನನ್ನ ಎರಡು ಪಾಪೆಗಳ ನಡುವಿನ ದೂರ, ಅಂದರೆ ಪಿಡಿ, 60. ಹಾಗಾಗಿ ಲೆನ್ಸಿನ ಕೇಂದ್ರವನ್ನು ಎರಡೂ ಕಡೆ 7 ಎಂಎಂ ಮೂಗಿನತ್ತ ಸರಿಸಬೇಕು. ಆಗ ಹೊರ ಅಂಚು ಕೇಂದ್ರದಿಂದ 35 ಎಂಎಂ ದೂರ ಹೋಗುತ್ತದೆ. ಮೈನಸ್ ಗಾಜು ನಡುವೆ ತೆಳು, ಅಂಚಿಗೆ ಹೋದಂತೆ ದಪ್ಪ. ದೂರ ಎರಡು ಪಟ್ಟಾದರೆ ಆ ದಪ್ಪ ನಾಲ್ಕು ಪಟ್ಟಾಗುತ್ತದೆ. ನನ್ನ ಪವರ್‌ಗೆ ಆ ಫ್ರೇಮ್‌ನಲ್ಲಿ 1.67 ಲೆನ್ಸ್ ಹಾಕಿದರೂ ಅಂಚು ನಡುವಿಗಿಂತ ಸುಮಾರು 4.5 ಎಂಎಂ ದಪ್ಪ ಬರುತ್ತದೆ. ಅದೇ 46-20 ಅಳತೆಯ ಚಿಕ್ಕ ದುಂಡನೆಯ ಫ್ರೇಮ್‌ನಲ್ಲಿ ಸಾಧಾರಣ 1.50 ಲೆನ್ಸ್ ಹಾಕಿದ್ದರೂ ಆ ದಪ್ಪ ಸುಮಾರು 3.5 ಎಂಎಂ ಮಾತ್ರ! ನಾನು ಜಾಸ್ತಿ ದುಡ್ಡು ಕೊಟ್ಟು ಜಾಸ್ತಿ ದಪ್ಪ ತಂದಿದ್ದೆ.

ತಲೆನೋವಿಗೆ ಕಾರಣ ಪಿಡಿ. ಅಂಗಡಿಯಲ್ಲಿ ಅದನ್ನು ಅಳೆದೇ ಇರಲಿಲ್ಲ. ಲೆನ್ಸ್ ಕೇಂದ್ರಗಳು 60ರ ಬದಲು 66ಕ್ಕೆ ಕೂತಿದ್ದವು. ಒಂದೊಂದು ಕಣ್ಣಿಗೆ 3 ಎಂಎಂ ತಪ್ಪು. ಸಣ್ಣ ಪವರ್ ಇದ್ದವರಿಗೆ ಇದು ಗೊತ್ತೇ ಆಗದಿರಬಹುದು. ಮೈನಸ್ 5ಕ್ಕೆ ಅದು ಎರಡೂ ಕಣ್ಣಿನಲ್ಲಿ ಬೇಡದ ಪ್ರಿಸಂ ಆಗಿ, ಅಂದರೆ ಬೆಳಕನ್ನು ಪಕ್ಕಕ್ಕೆ ಬಾಗಿಸುವ ಗಾಜಿನಂತಾಗಿ, ಕಣ್ಣುಗಳನ್ನು ದಿನವಿಡೀ ಹೊರಕ್ಕೆ ಎಳೆಯುತ್ತಿತ್ತು. ನಮ್ಮ ಬಹುಪಾಲು ಚೀಟಿಗಳಲ್ಲಿ ಪಿಡಿ ಬರೆದೇ ಇರುವುದಿಲ್ಲ. ಬರೆಯಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನಿಮ್ಮ ಕಣ್ಣಿನ ಅಳತೆ ನಿಮ್ಮದು. ಕೇಳಿ ಬರೆಸಿಕೊಳ್ಳಿ.

ಚೀಟಿಯಲ್ಲಿ ಉಳಿದದ್ದು ಕಷ್ಟವೇನಲ್ಲ. ಆರ್‌ಇ ಬಲಗಣ್ಣು, ಎಲ್‌ಇ ಎಡಗಣ್ಣು. ಕೆಲವರು ಒಡಿ, ಓಎಸ್ ಅಂತ ಲ್ಯಾಟಿನ್‌ನಲ್ಲಿ ಬರೆಯುತ್ತಾರೆ. ಸ್ಫಿಯರ್ ಅಂದರೆ ನಾವು ಸಾಮಾನ್ಯವಾಗಿ ಹೇಳುವ ಪವರ್. ದೂರದ್ದು ಕಾಣದವರಿಗೆ ಮೈನಸ್. ಸಿಲಿಂಡರ್ ಅಂದರೆ ಕಣ್ಣಿನ ಮುಂಭಾಗ ಎಲ್ಲ ದಿಕ್ಕಿಗೂ ಒಂದೇ ಸಮ ಬಾಗಿಲ್ಲ ಅಂತ. ಆಕ್ಸಿಸ್ ಅದರ ದಿಕ್ಕು, 1ರಿಂದ 180 ಡಿಗ್ರಿ. ಆಕ್ಸಿಸ್ 170 ಅಂತ ನೋಡಿ ಹೆದರಿದವರನ್ನು ನಾನು ಬಲ್ಲೆ. ಅದು ಕೋನ ಅಷ್ಟೇ, ಪವರ್ ಅಲ್ಲ. 6/6, 6/9 ಕೂಡ ಪವರ್ ಅಲ್ಲ, ಎಷ್ಟು ಕಾಣುತ್ತದೆ ಅನ್ನುವ ಲೆಕ್ಕ.

ಇನ್ನೊಂದು ಗಾಬರಿ ತುಂಬ ಮನೆಗಳಲ್ಲಿ ನೋಡಿದ್ದೇನೆ. ಒಂದೇ ಕಣ್ಣಿಗೆ ಎರಡು ಕಡೆ ಚೀಟಿ ಬರೆಸಿರುತ್ತಾರೆ. ಒಂದರಲ್ಲಿ ಸ್ಫಿಯರ್ -2.00, ಸಿಲಿಂಡರ್ -1.00, ಆಕ್ಸಿಸ್ 180. ಇನ್ನೊಂದರಲ್ಲಿ ಸ್ಫಿಯರ್ -3.00, ಸಿಲಿಂಡರ್ +1.00, ಆಕ್ಸಿಸ್ 90. "ಒಂದೇ ವಾರದಲ್ಲಿ ಪವರ್ ಬದಲಾಯಿತಾ?" ಇಲ್ಲ. ಎರಡೂ ಒಂದೇ ಕನ್ನಡಕ! ಮೊದಲೆರಡು ಸಂಖ್ಯೆ ಕೂಡಿಸಿ, ಸಿಲಿಂಡರ್ ಚಿಹ್ನೆ ತಿರುಗಿಸಿ, ಆಕ್ಸಿಸ್ 90 ಡಿಗ್ರಿ ಸರಿಸಿದರೆ ಒಂದು ಇನ್ನೊಂದಾಗುತ್ತದೆ. ಬರೆಯುವ ರೀತಿ ಬೇರೆ, ಅಷ್ಟೇ.

ನಲವತ್ತು ದಾಟಿದವರ ಚೀಟಿಯಲ್ಲಿ ಆಡ್ ಅಂತ, ಹತ್ತಿರದ್ದನ್ನು ಓದಲು ಬೇಕಾದ ಒಂದು ಪ್ಲಸ್ ಸಂಖ್ಯೆ ಸೇರುತ್ತದೆ. ನಮ್ಮ ಹಿರಿಯರು ಇದನ್ನೇ ಚಾಳೀಸು ಅಂದರು, ಚಾಳೀಸ್ ಅಂದರೆ ನಲವತ್ತು. ನನಗೂ ಈಗ +1.00 ಬಂದಿದೆ. ಪ್ರೊಗ್ರೆಸಿವ್ ಲೆನ್ಸ್, ಅಂದರೆ ದೂರಕ್ಕೂ ಓದಲಿಕ್ಕೂ ಒಂದೇ ಗಾಜು, ಹಾಕಿಸುವವರು ತೀರ ಗಿಡ್ಡ ಫ್ರೇಮ್ ತೆಗೆದುಕೊಳ್ಳಬೇಡಿ. ಓದುವ ಭಾಗ ಕೆಳಗಡೆ ಇರುತ್ತದೆ, ಅದೇ ಕತ್ತರಿಸಿ ಹೋಗುತ್ತದೆ.

ಹೋದ ಭಾನುವಾರ ಒಂಬತ್ತನೇ ಕ್ಲಾಸಿನ ಮಗಳಿಗೆ ಕನ್ನಡಕ ಕೊಡಿಸಲು ಹೋಗಿದ್ದೆವು. ಅವಳು ಆರಿಸಿದ್ದು ಮುಖದ ಅರ್ಧ ಮುಚ್ಚುವ ಕೆಂಪು ಫ್ರೇಮ್, 52-18. ಬೇಡ ಅನ್ನಲು ಬಾಯಿ ತೆರೆದವಳು ನಿಲ್ಲಿಸಿ ಚೀಟಿ ನೋಡಿದೆ. ಪವರ್ -2.25. ಪಿಡಿ ಅಳೆಸಿದೆವು, 58 ಬಂತು. ಇಬ್ಬರೂ ಕೂತು ಲೆಕ್ಕ ಹಾಕಿದೆವು. ಮಕ್ಕಳಿಗೆ ಒಳ್ಳೆಯದಾದ, ಸುಲಭಕ್ಕೆ ಒಡೆಯದ ಪಾಲಿಕಾರ್ಬೊನೇಟ್ ಹಾಕಿಸಿದರೆ ಅಂಚು ನಡುವಿಗಿಂತ ಸುಮಾರು 2 ಎಂಎಂ ದಪ್ಪ. ಅವಳ ಪವರ್‌ಗೆ ಆ ಫ್ರೇಮ್ ಆಗುತ್ತದೆ!

ಫ್ರೇಮ್ ಹಾಕಿ ನೋಡುವಾಗ ಅವಳಿಗೆ ಕನ್ನಡಿಯಲ್ಲಿ ಮುಖ ಮಸುಕು. ಖಾಲಿ ಫ್ರೇಮ್‌ನಲ್ಲಿ ಪವರ್ ಇರುವುದಿಲ್ಲವಲ್ಲ. ನಾನು ಫೋನಿನಲ್ಲಿ ಫೋಟೋ ತೆಗೆದೆ. ಅವಳು ಹಳೆಯ ಕನ್ನಡಕ ಹಾಕಿಕೊಂಡು ಆ ಫೋಟೋವನ್ನು ತುಂಬ ಹೊತ್ತು ನೋಡಿದಳು. "ಇದೇ ಇರಲಿ ಅಮ್ಮ" ಅಂದಳು. ಚೀಟಿಯ ಹಿಂದೆ ಪಿಡಿ 58 ಅಂತ ಬರೆಸಿಕೊಂಡು ಬಂದೆವು.