ಅತ್ತಿಗೆಯ ಡ್ರೈಯರ್, ಐರ್ಲೆಂಡಿನ ಜಾಮ್ ಕಾರ್ಖಾನೆ

ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ನಮ್ಮೂರಲ್ಲಿ, ಅತ್ತಿಗೆಯ ಮನೆ ಹಿಂದಿನ ಶೆಡ್ಡಿನಲ್ಲಿ ಒಂದು ದೊಡ್ಡ ಡ್ರೈಯರ್ ಇದೆ. ಹಲಸಿನಕಾಯಿ ಹಪ್ಪಳಕ್ಕೆಂದು ತಂದದ್ದು. ವರ್ಷಕ್ಕೆ ಎರಡು ತಿಂಗಳು ಓಡುತ್ತದೆ. ಕಂತು ಮಾತ್ರ ಹನ್ನೆರಡು ತಿಂಗಳೂ ಕಟ್ಟಬೇಕು. ಪ್ರಾಜೆಕ್ಟ್ ರಿಪೋರ್ಟ್ ಬರೆದುಕೊಟ್ಟವರು "ಹೇಗೂ ಸಬ್ಸಿಡಿ ಬರ್ತದೆ, ದೊಡ್ಡದೇ ಹಾಕಿ" ಅಂದಿದ್ದರಂತೆ. ಅಷ್ಟು ಹಪ್ಪಳ ಯಾರು ಕೊಳ್ಳುತ್ತಾರೆ ಎಂದು ಅರ್ಜಿ ಹಾಕಿದ ದಿನದಿಂದ ಸಾಲ ಕೈಗೆ ಬಂದ ದಿನದವರೆಗೆ ಒಬ್ಬರೂ ಅವಳನ್ನು ಕೇಳಲಿಲ್ಲ.

ನಾನು ಐರ್ಲೆಂಡಿನ ಕಾರ್ಕ್‌ಗೆ ಬಂದು ಹನ್ನೊಂದು ವರ್ಷವಾಯಿತು. ಇಲ್ಲಿಯ ಸಣ್ಣ ಉತ್ಪಾದಕರಿಗೆ ಸರ್ಕಾರ ದುಡ್ಡು ಸುರಿಯುತ್ತದೆ, ನಮ್ಮಲ್ಲಿ ಕೊಡುವುದಿಲ್ಲ ಎಂದು ಮೊದಮೊದಲು ನಾನೂ ತಿಳಿದಿದ್ದೆ. ಲೆಕ್ಕ ಹಾಗಿಲ್ಲ. 2020ರಲ್ಲಿ ಕೇಂದ್ರ ಸರ್ಕಾರ ಸಣ್ಣ ಆಹಾರ ಉದ್ದಿಮೆಗಳಿಗೆಂದು 10,000 ಕೋಟಿ ರೂಪಾಯಿಯ ಪಿಎಂಎಫ್‌ಎಂಇ ಎಂಬ ಯೋಜನೆ ತಂದಿತು. ಕಿರು ಆಹಾರ ಘಟಕಕ್ಕೆ ಖರ್ಚಿನ ಶೇ. 35ರಷ್ಟು, ಗರಿಷ್ಠ 10 ಲಕ್ಷ ಸಹಾಯಧನ. ಕರ್ನಾಟಕ ತನ್ನ ಪಾಲಿನ ಶೇ. 15 ಸೇರಿಸಿ ಅದನ್ನು ಅರ್ಧಕ್ಕೆ ಏರಿಸಿತು, ಮಿತಿ 15 ಲಕ್ಷ. ಇಲ್ಲಿ ಹಳ್ಳಿಗಾಡಿನ ಅಭಿವೃದ್ಧಿಗೆಂದು ಇರುವ ಯುರೋಪಿಯನ್ ಒಕ್ಕೂಟದ ಲೀಡರ್ ಯೋಜನೆಯಲ್ಲೂ ಖಾಸಗಿ ಉದ್ದಿಮೆಗೆ ಸಾಮಾನ್ಯವಾಗಿ ಅರ್ಧ ಖರ್ಚೇ ಸಿಗುವುದು. ಅದೂ ಮೊದಲು ಕೈಯಿಂದ ಖರ್ಚು ಮಾಡಿ, ರಸೀದಿಗಳನ್ನೆಲ್ಲ ಒಪ್ಪಿಸಿದ ಮೇಲೆ. ಕಾಗದಪತ್ರದ ಕಾಟ ಇಲ್ಲಿಯೂ ಕಡಿಮೆಯಿಲ್ಲ.

ವ್ಯತ್ಯಾಸವಿರುವುದು ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದರಲ್ಲಿ.

ಲೀಟ್ರಿಮ್ ಜಿಲ್ಲೆಯ ಡ್ರಮ್‌ಶಾನ್‌ಬೋ ಎಂಬ ಪುಟ್ಟ ಊರಿನಲ್ಲಿ ಹಿಂದೆ ಒಂದು ಜಾಮ್ ಕಾರ್ಖಾನೆ ಇತ್ತು, ಮುಚ್ಚಿಹೋಯಿತು. ಈಗ ಆ ಕಟ್ಟಡ 'ಫುಡ್ ಹಬ್' ಆಗಿದೆ: ನಿಯಮಕ್ಕೆ ಒಪ್ಪುವ ಅಡುಗೆಮನೆಗಳು, ಸಣ್ಣ ಸಣ್ಣ ಘಟಕಗಳು, ಎಲ್ಲವೂ ಬಾಡಿಗೆಗೆ. ಅಂಥ ಜಾಗದಲ್ಲಿ ಚಟ್ನಿಯನ್ನೋ ಬ್ರೆಡ್ಡನ್ನೋ ಮಾಡಿ ನೋಡಬಹುದು. ಸಂತೆಯಲ್ಲಿ ಖರ್ಚಾಗದಿದ್ದರೆ ಬಾಡಿಗೆ ಕೊಟ್ಟು ಮನೆಗೆ ಹೋಗಬಹುದು, ತಲೆ ಮೇಲೆ ಯಂತ್ರದ ಸಾಲ ಉಳಿಯುವುದಿಲ್ಲ. ನಾನು ಹೋಗಿ ನೋಡಿದ ದಿನ ಗೋಣಿಚೀಲ ಹೊದ್ದು ಕೂತ ಅತ್ತಿಗೆಯ ಡ್ರೈಯರೇ ಕಣ್ಣ ಮುಂದಿತ್ತು.

ಮಾರಾಟಕ್ಕೂ ಹಾಗೆಯೇ ಒಂದು ಏಣಿ ಇದೆ. ಸ್ಥಳೀಯ ಉದ್ದಿಮೆ ಕಚೇರಿಗಳು, ಸರ್ಕಾರದ ಆಹಾರ ಮಂಡಳಿ ಬೋರ್ಡ್ ಬಿಯಾ ಮತ್ತು ಸೂಪರ್‌ವ್ಯಾಲ್ಯೂ ಎಂಬ ಅಂಗಡಿ ಸರಣಿ ಸೇರಿ 'ಫುಡ್ ಅಕಾಡೆಮಿ' ನಡೆಸುತ್ತವೆ. ಲೇಬಲ್, ಬೆಲೆ, ಕೆಡದಂತೆ ಇಡುವುದು, ಎಲ್ಲ ಕಲಿಸಿ, ಮೊದಲು ಹತ್ತಿರದ ಕೆಲವೇ ಅಂಗಡಿಗಳಲ್ಲಿ ಇಟ್ಟು ನೋಡುತ್ತಾರೆ. ಮಾರಿಹೋದರೆ ಇನ್ನಷ್ಟು ಅಂಗಡಿ.

ನಮ್ಮ ಪಿಎಂಎಫ್‌ಎಂಇಯಲ್ಲಿಯೂ ಅರ್ಜಿದಾರರ ಕೈಹಿಡಿಯಲು ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳಿದ್ದಾರೆ, ಬಹಳ ಮಂದಿ ಶ್ರದ್ಧೆಯಿಂದ ದುಡಿಯುವವರು. ಆದರೆ ಅವರ ಸಂಭಾವನೆಯ ಅರ್ಧ ಬರುವುದು ಬ್ಯಾಂಕ್ ಸಾಲ ಮಂಜೂರಾದಾಗ, ಉಳಿದರ್ಧ ನೋಂದಣಿ, ತರಬೇತಿ ಮುಗಿದಾಗ. ಹಪ್ಪಳ ಮಾರಿಹೋಯಿತೇ ಎಂದು ಎರಡನೇ ವರ್ಷ ಬಂದು ಕೇಳುವುದಕ್ಕೆ ಯಾರಿಗೂ ಸಂಬಳವಿಲ್ಲ. ಇನ್ನು ಅದೇ ಯೋಜನೆಯಲ್ಲಿ ಪ್ರತಿ ಜಿಲ್ಲೆಗೂ ಒಂದೊಂದು ಬೆಳೆ ಗೊತ್ತುಮಾಡಿದ 'ಒಂದು ಜಿಲ್ಲೆ, ಒಂದು ಉತ್ಪನ್ನ'. ಮಂಡ್ಯಕ್ಕೆ ಬೆಲ್ಲ ಸರಿ. ಶಿವಮೊಗ್ಗಕ್ಕೆ ಬಂದದ್ದು ಅನಾನಸ್. ಮೊದಲ ವರ್ಷಗಳಲ್ಲಿ ಹೊಸ ಘಟಕಕ್ಕೆ ಜಿಲ್ಲೆಯ ಆ ಒಂದೇ ಬೆಳೆ ಆಗಬೇಕಿತ್ತು, ಆಮೇಲೆ ಸಡಿಲಿಸಿದರು. ಹಲಸು, ಅಪ್ಪೆಮಿಡಿ ಬೆಳೆಯುವ ತಾಲ್ಲೂಕಿಗೆ ಅನಾನಸ್ ಎಂದು ಮೇಲೆ ಕೂತವರು ಬರೆದದ್ದು ನನಗೆ ಇಂದಿಗೂ ನೋವಿನ ಸಂಗತಿ. 1991ರಲ್ಲಿ ಯುರೋಪಿನಲ್ಲಿ ಲೀಡರ್ ಶುರುವಾದದ್ದೇ ಈ ತೀರ್ಮಾನವನ್ನು ಊರಿನವರ ಕೈಗೆ ಕೊಡುವುದಕ್ಕೆ. ಯಾವುದಕ್ಕೆ ದುಡ್ಡು ಎಂದು ಆಯಾ ಪ್ರದೇಶದ ಗುಂಪೇ ಆರಿಸುತ್ತದೆ, ಅಲ್ಲಿ ಯಾವ ಒಂದು ಬಣದ ಕೈಗೂ ತೀರ್ಮಾನದ ಹಿಡಿತ ಸಿಗುವಂತಿಲ್ಲ.

ಇದನ್ನೆಲ್ಲ ಐರ್ಲೆಂಡಿನಿಂದಲೇ ಕಲಿಯಬೇಕೆಂದು ನಾನು ಹೇಳುತ್ತಿಲ್ಲ. ಹಾಲಿನಲ್ಲಿ ನಾವೇ ಮಾಡಿ ತೋರಿಸಿದ್ದೇವೆ. ಎರಡು ಲೀಟರ್ ತಂದವಳನ್ನೂ ಡೈರಿಯವರು ವಾಪಸ್ ಕಳಿಸುವುದಿಲ್ಲ. ಫ್ಯಾಟು, ಡಿಗ್ರಿ ನೋಡಿ ಬರೆದುಕೊಳ್ಳುತ್ತಾರೆ, ಬಟವಾಡೆಯ ದಿನ ದುಡ್ಡು ಬರುತ್ತದೆ. ಆ ದುಡ್ಡು ನಿಗದಿಯಾಗಿ ಬರುತ್ತದೆಂದು ಗೊತ್ತಿರುವುದರಿಂದಲೇ ಹಸುವಿಗೆ ಸಾಲ ಕೇಳುವ ಧೈರ್ಯ ಅವಳಿಗೆ, ಕೊಡುವ ಧೈರ್ಯ ಬ್ಯಾಂಕಿಗೆ. ಹಪ್ಪಳ, ಉಪ್ಪಿನಕಾಯಿಗೆ ಬಂದಾಗ ಮಾತ್ರ ಇದನ್ನು ತಿರುಗಿಸಿ, ಮೊದಲು ಸಾಲ ಮಾಡು, ಗಿರಾಕಿಯನ್ನು ನೀನೇ ಹುಡುಕಿಕೋ ಅನ್ನುತ್ತೇವೆ.

ನಮ್ಮೂರ ಸೊಸೈಟಿಯ ಹಳೇ ಗೋದಾಮಿಗೆ ಬೀಗ ಬಿದ್ದು ವರ್ಷಗಳಾದವು. ಅದಕ್ಕೆ ನೆಲ ಮಾಡಿಸಿ, ನೀರು, ಕರೆಂಟು ಕೊಟ್ಟು, ಅತ್ತಿಗೆಯದರಂಥ ಒಂದು ಡ್ರೈಯರ್ ಇಟ್ಟರೆ ಹಲಸಿನ ಕಾಲದಲ್ಲಿ ಹಪ್ಪಳಕ್ಕೂ ಬಾಳೆಕಾಯಿ ಇದ್ದಾಗ ಅದಕ್ಕೂ ಹತ್ತು ಮನೆಯವರು ದಿನಬಾಡಿಗೆಯ ಮೇಲೆ ಬಳಸಬಹುದು. ಕಳೆದ ವಾರ ಫೋನಿನಲ್ಲಿ ಹೇಳಿದಾಗ ಅತ್ತಿಗೆ ಕೇಳಿದ್ದು ಒಂದೇ: "ಹೊಸದ್ಯಾಕೆ? ನಂದನ್ನೇ ಅಲ್ಲಿಗೆ ಸಾಗಿಸೋಕೆ ಬ್ಯಾಂಕಿನವರು ಒಪ್ತಾರಾ ಕೇಳಿ ನೋಡು."