ಕೊನೆಯವರ ಹಿಂದೆ ಈಜುವವರು

ಇಲ್ಲಿ ಜರ್ಮನಿಯ ನ್ಯೂರೆಂಬರ್ಗ್ ಕಡೆ ನಮ್ಮ ಟ್ರಯಥ್ಲಾನ್ ಕ್ಲಬ್ಬಿನವರು ರೋಥ್‌ಸೇ ಜಲಾಶಯಕ್ಕೆ ಇಳಿದಾಗ, ಎಲ್ಲರಿಗಿಂತ ಹಿಂದೆ ಈಜುತ್ತಾ ಬರುವುದು ಗುಂಪಿನ ಗಟ್ಟಿ ಈಜುಗಾರರು. ಸರದಿ ಹಾಕಿಕೊಂಡು, ಒಂದು ಪೈಸೆ ತೆಗೆದುಕೊಳ್ಳದೆ ಈ ಕೆಲಸ ಮಾಡುತ್ತಾರೆ. ನಮ್ಮ ಬೆಂಗಳೂರಿನಲ್ಲಿ ನಂದಿಬೆಟ್ಟದ ಸೈಕಲ್ ರೈಡ್‌ಗೆ ಹೋಗಿ ಹಿಂದೆ ಬಿದ್ದವರಿಗೆ ಗುಂಪು ಮತ್ತೆ ಸಿಗುವುದು ತಿಂಡಿ ಹೋಟೆಲಿನಲ್ಲೇ, ಅದೂ ಎಲ್ಲರ ತಿಂಡಿ ಮುಗಿದ ಮೇಲೆ.

ಪೂರ್ಣ ದೂರದ ಟ್ರಯಥ್ಲಾನ್ ಎಂದರೆ ಒಂದರ ಹಿಂದೊಂದು 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, 42.2 ಕಿ.ಮೀ. ಓಟ. ಈ ಮೂರರಲ್ಲಿ ಈಜಿಗೆ ಹಿಡಿಯುವ ಹೊತ್ತು ಕಡಿಮೆ, ಹೆದರಿಕೆ ಜಾಸ್ತಿ. 25 ಮೀಟರ್ ಕೊಳದಲ್ಲಿ ತಳದ ಕಪ್ಪು ಗೆರೆ ದಾರಿ ತೋರುತ್ತದೆ, ಸುಸ್ತಾದರೆ ಗೋಡೆ ಸಿಗುತ್ತದೆ. ಜಲಾಶಯದಲ್ಲಿ ಎರಡೂ ಇಲ್ಲ.

ತಣ್ಣೀರಿನಲ್ಲಿ ಮೈ ಬೆಚ್ಚಗಿಡುವ ರಬ್ಬರಿನ ಬಿಗಿ ಉಡುಪಾದ ವೆಟ್‌ಸೂಟನ್ನು ತೊಡೆಸಂದಿ, ಕಂಕುಳವರೆಗೆ ಪೂರ್ತಿ ಎಳೆದುಕೊಳ್ಳದಿದ್ದರೆ ಎದೆ ಬಿಗಿಯುತ್ತದೆ, ತೋಳು ಬೇಗ ಸೋಲುತ್ತದೆ. ಕತ್ತು ಉಜ್ಜಿ ಗಾಯವಾಗದಂತೆ ವೆಟ್‌ಸೂಟಿಗೆ ಹೊಂದುವ ಜಾರುವ ಮುಲಾಮು ಬೇಕು. ಎದೆಮಟ್ಟದ ನೀರಿನಲ್ಲಿ ನಿಂತು, ಕಾಲರಿನಿಂದ ಸ್ವಲ್ಪ ನೀರು ಒಳಗೆ ಬಿಟ್ಟುಕೊಂಡು, ಮುಖ ಮುಳುಗಿಸಿ ಉಸಿರು ಬಿಡುತ್ತಿರಬೇಕು. ತಣ್ಣೀರು ತಾಗಿದೊಡನೆ ಏರುವ ಉಸಿರು ಒಂದೆರಡು ನಿಮಿಷದಲ್ಲಿ ತಹಬಂದಿಗೆ ಬರುತ್ತದೆ. ಅಷ್ಟು ಕಾಯದೆ ನುಗ್ಗಿದವರೇ ನಡುನೀರಿನಲ್ಲಿ ಗಾಬರಿಯಾಗುವುದು.

ಆಮೇಲೆ ಜೋಡಿ ಜೋಡಿಯಾಗಿ ಹೊರಡುತ್ತಾರೆ. ಎಲ್ಲರಿಗೂ ಎದ್ದುಕಾಣುವ ಬಣ್ಣದ ಟೋಪಿ, ಸೊಂಟಕ್ಕೆ ಕಟ್ಟಿದ ಕಿತ್ತಳೆ ಬಣ್ಣದ ಗಾಳಿಚೀಲ. ಆರೆಂಟು ಕೈ ಬೀಸಿಗೊಮ್ಮೆ ಕಣ್ಣಷ್ಟೇ ನೀರಿನ ಮೇಲೆತ್ತಿ ಗುರಿ ನೋಡಬೇಕು; ತಲೆ ಪೂರ್ತಿ ಎತ್ತಿದರೆ ಕಾಲು ಇಳಿಯುತ್ತದೆ. ದೂರದ ತಿರುವಿನ ಗುರುತು ಅಲೆಯಲ್ಲಿ ಮರೆಯಾಗುವುದರಿಂದ ಅದರ ಹಿಂದಿನ ಎತ್ತರದ ಮರವನ್ನು ಗುರಿ ಹಿಡಿಯುತ್ತಾರೆ. ಪ್ರತಿ ತಿರುವಿನಲ್ಲೂ ಮುಂದಿನವರು ನಿಂತು ತಲೆ ಎಣಿಸುತ್ತಾರೆ. ಯಾರಾದರೂ ಗಾಬರಿಯಾದರೆ ಹಿಂದಿನವರು ಹೇಳುವುದು ಇಷ್ಟೇ: ಅಂಗಾತ ತಿರುಗಿ, ಚೀಲ ಹಿಡಿದುಕೊಳ್ಳಿ, ಉಸಿರು ಬಿಡಿ. ಉಸಿರು ಸರಿಹೋಗುವ ತನಕ ಪಕ್ಕದಲ್ಲೇ ಇರುತ್ತಾರೆ.

ದಡದಲ್ಲಿ ನಡೆಯುವ ಮಾತೂ ಅಷ್ಟೇ ಉಪಯೋಗದ್ದು. ಸ್ಪರ್ಧೆಯಲ್ಲಿ ಗಂಟೆಗೆ 60ರಿಂದ 90 ಗ್ರಾಂ ಕಾರ್ಬೋಹೈಡ್ರೇಟ್ ತಾಳುವುದನ್ನು ಹೊಟ್ಟೆಗೆ ತಿಂಗಳುಗಟ್ಟಲೆ ಮೊದಲೇ ರೂಢಿಸಬೇಕು, ಉದ್ದದ ಸೈಕಲ್ ಸವಾರಿ ಮುಗಿದೊಡನೆ ಇಪ್ಪತ್ತು ನಿಮಿಷ ಓಡಬೇಕು ಎಂಬುದನ್ನೆಲ್ಲ ಹಳಬರು ಹೊಸಬರಿಗೆ ಕೇಳದೆಯೇ ಹೇಳುತ್ತಾರೆ. ಬೆಂಗಳೂರಿನಲ್ಲಿ ಇದನ್ನೇ ಮಾಸಿಕ ಶುಲ್ಕದ ಪ್ಯಾಕೇಜಿನಲ್ಲಿ ಮಾರುತ್ತಾರೆ. ಮೊಬೈಲಿಗೆ ಚಾರ್ಟ್ ಬರುತ್ತದೆ, ನೀರಿನಲ್ಲಿ ಪಕ್ಕಕ್ಕೆ ಯಾರೂ ಬರುವುದಿಲ್ಲ. ನಿಧಾನದವರು ಎರಡನೇ ತಿಂಗಳಿಗೇ ಬಿಟ್ಟುಬಿಡುತ್ತಾರೆ. ಅವರಿಗೆ ಛಲವಿಲ್ಲ ಎಂದು ಉಳಿದವರು ಆಡಿಕೊಳ್ಳುವುದು ನನಗೆ ಸಹಿಸಲಾಗದ ಮಾತು.

ಹಾಗಂತ ನಮ್ಮೂರಿನ ಒಳ್ಳೆಯದನ್ನು ಮರೆಮಾಚುವಂತಿಲ್ಲ. ಇಲ್ಲಿ ನವೆಂಬರ್ ಬಂತೆಂದರೆ ಸೈಕಲ್ ನೆಲಮಾಳಿಗೆಯಲ್ಲಿ ನಿಂತಲ್ಲೇ ತುಳಿಯುವ ರೋಲರ್ ಏರುತ್ತದೆ. ಬೆಂಗಳೂರಿನಲ್ಲಿ ಹನ್ನೆರಡು ತಿಂಗಳೂ ರಸ್ತೆಯಲ್ಲೇ ತುಳಿಯಬಹುದು, ಪಂಕ್ಚರಾದರೆ ಗುರುತಿಲ್ಲದವರೂ ನಿಂತು ಪಂಪು ಕೊಡುತ್ತಾರೆ. ಹೊಸಬರ ಕೈಬಿಡದ ಪದ್ಧತಿಯೂ ನಮಗೆ ಹೊಸದೇನಲ್ಲ. ಹಳ್ಳಿಗಳಲ್ಲಿ ಬೆನ್ನಿಗೆ ಸೋರೆಬುರುಡೆ ಕಟ್ಟಿ ಮಗುವನ್ನು ಬಾವಿಗಿಳಿಸುವಾಗ ಮಾವನೋ ಅಣ್ಣನೋ ಮೊದಲೇ ನೀರಿನಲ್ಲಿರುತ್ತಿದ್ದರು. ಮಳೆಗಾಲ ಕಳೆದ ಮೇಲೆ ಕರಾವಳಿಗೆ ಈಜಲು ಹೋಗುವ ನಗರದ ಗುಂಪುಗಳು ಹೊಸಬರೊಬ್ಬರಿಗೆ ಹಳಬರೊಬ್ಬರನ್ನು ಜೋಡಿ ಮಾಡಿ ನೀರಿಗಿಳಿಯಲಿ. ಅದಕ್ಕೆ ಶುಲ್ಕವೂ ಬೇಡ, ಆ್ಯಪೂ ಬೇಡ.