ಆ ಗಾಂಧಾರ ತಪ್ಪಿರಲಿಲ್ಲ

ಅಕ್ಕನ ಮಗಳು ಆರು ವರ್ಷದಿಂದ ಶಿರಸಿಯಲ್ಲಿ ಹಿಂದುಸ್ತಾನಿ ಕಲಿಯುತ್ತಿದ್ದಾಳೆ. ಕಳೆದ ತಿಂಗಳು ಒಂದು ಸ್ಟುಡಿಯೋದಲ್ಲಿ ಭಾವಗೀತೆ ಹಾಡಿ ಬಂದಳು. ವಾರ ಬಿಟ್ಟು ಫೈಲ್ ಬಂತು. ಹೆಡ್‌ಫೋನ್ ಹಾಕಿಕೊಂಡವಳು ಅರ್ಧಕ್ಕೇ ತೆಗೆದಿಟ್ಟಳು. "ಮಾವಾ, ಇದು ನನ್ನ ದನಿನೇ ಅಲ್ಲ."

ಮರುದಿನ ಇಬ್ಬರೂ ಹೋದೆವು. ರೆಕಾರ್ಡಿಂಗ್ ಹುಡುಗ ಬೇಸರಿಸದೆ ಕಂಪ್ಯೂಟರಿನಲ್ಲಿ ತೋರಿಸಿದ. ದನಿ ಅಲ್ಲಿ ಗೆರೆಯಾಗಿ ಕಾಣುತ್ತದೆ. ಎರಡನೇ ಸಾಲಿನಲ್ಲಿ ಅವಳು ಪಂಚಮದಿಂದ ಗಾಂಧಾರಕ್ಕೆ ಮೀಂಡ್‌ನಲ್ಲಿ, ಅಂದರೆ ಸ್ವರದಿಂದ ಸ್ವರಕ್ಕೆ ನಡುವೆ ಕಡಿಯದೆ ಜಾರುತ್ತಾ, ಇಳಿದಿದ್ದಳು. ಮೂಲ ಗೆರೆ ನುಣ್ಣಗೆ ಜಾರಿ, ಗಾಂಧಾರದ ಹತ್ತಿರ ತುಸು ಕೆಳಗೆ ಹೋಗಿ, ಮತ್ತೆ ಮೇಲೆದ್ದು ನಿಂತಿತ್ತು. ತಿದ್ದಿದ ಗೆರೆ ಮೆಟ್ಟಿಲು ಮೆಟ್ಟಿಲಾಗಿತ್ತು. "ಶ್ರುತಿ ಜಾರಿತ್ತು ಸರ್, ಸರಿ ಮಾಡಿದೆ" ಎಂದ. ಜಾರಿರಲಿಲ್ಲ ಮಾರಾಯ! ಆ ಇಳಿತ ಕೂರಿಸೋಕೆ ಅವಳ ಗುರುಗಳು ಎರಡು ತಿಂಗಳು ತೆಗೆದುಕೊಂಡಿದ್ದರು.

ಹೀಗೆ ಶ್ರುತಿ ತಿದ್ದುವ ಸಾಫ್ಟ್‌ವೇರ್ ಆಟೋಟ್ಯೂನ್ ಬಂದಿದ್ದು 1997ರಲ್ಲಿ. ಮಾಡಿದವರು ಆಂಡಿ ಹಿಲ್ಡೆಬ್ರಾಂಡ್. ಅದಕ್ಕೂ ಮೊದಲು ನೆಲದಡಿ ಎಣ್ಣೆ ಹುಡುಕೋಕೆ ಕಳಿಸಿದ ಅಲೆಗಳನ್ನು ಓದುವ ಕೆಲಸದಲ್ಲಿದ್ದವರು. ಆ ಲೆಕ್ಕವನ್ನೇ ದನಿಗೂ ಹಚ್ಚಿದರು. ಮರುವರ್ಷವೇ ಷೇರ್ ಎಂಬ ಗಾಯಕಿಯ ಹಾಡಿನಲ್ಲಿ ದನಿಯನ್ನು ಬೇಕೆಂದೇ ಯಂತ್ರದಂತೆ ಕೇಳಿಸಿದರು. ಅದಕ್ಕೆ ನನ್ನ ತಕರಾರಿಲ್ಲ. ಅಲ್ಲಿ ಅದೂ ಒಂದು ಅಲಂಕಾರವೇ.

ನನ್ನ ತಕರಾರು ಇರೋದು ಸುಮ್ನೆ, ಎಲ್ಲರಿಗೂ ಒಂದೇ ಅಳತೆ ಹಿಡಿಯೋದರ ಮೇಲೆ. ಸಾಮಾನ್ಯವಾಗಿ ಯಂತ್ರಕ್ಕೆ ಸಪ್ತಕದಲ್ಲಿ, ಅಂದರೆ ಒಂದು ಸ ದಿಂದ ಮೇಲಿನ ಸ ವರೆಗೆ, ಇರುವುದು 12 ಮನೆ, ನಮ್ಮ ಹಾರ್ಮೋನಿಯಂ ಹಾಗೆ. ನಡುವೆ ಇರುವ ದನಿಯನ್ನು ಹತ್ತಿರದ ಮನೆಗೆ ಎಳೆಯುತ್ತದೆ. ಎಷ್ಟು ಬೇಗ ಎಳೆಯಬೇಕು ಅನ್ನೋದಕ್ಕೂ ಒಂದು ಗುಂಡಿ ಇದೆ. ನಿಧಾನಕ್ಕಿಟ್ಟರೆ ಮೀಂಡ್ ಬದುಕುತ್ತದೆ. ಪೂರ್ತಿ ವೇಗಕ್ಕಿಟ್ಟರೆ ಮೀಂಡೂ ಇಲ್ಲ, ಸ್ವರಗಳನ್ನು ಸರಕ್ಕನೆ ಸುತ್ತಿಸುವ ಮುರ್ಕಿಯೂ ಇಲ್ಲ.

ರಾಜ್‌ಕುಮಾರ್ ಅವರಿಗೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ತಂದ, 1992ರ 'ಜೀವನ ಚೈತ್ರ'ದ 'ನಾದಮಯ' ಹಾಡನ್ನೇ ಕೇಳಿ. ತೋಡಿ ರಾಗ. ತೋಡಿಯ ಗಾಂಧಾರ ಹಾರ್ಮೋನಿಯಂನ ಕೋಮಲ ಗಾಂಧಾರಕ್ಕಿಂತ ಚೂರು ಕೆಳಗೆ. ಅದನ್ನು ಎಳೆದು ತಂದು ಮನೆಯಲ್ಲಿ ಕೂರಿಸಿದರೆ ತೋಡಿ ಎಲ್ಲಿ ಉಳಿಯುತ್ತದೆ? ನಮ್ಮ ಬಡಗುತಿಟ್ಟು ಯಕ್ಷಗಾನದ ಭಾಗವತರು ಏರು ಶ್ರುತಿಯಲ್ಲಿ, ಚಂಡೆಯ ಅಬ್ಬರದ ನಡುವೆ ಪದ ಎಳೆಯುತ್ತಾರಲ್ವಾ, ಆ ಎಳೆತವನ್ನೂ ಹೀಗೇ ನೆಟ್ಟಗೆ ಮಾಡಿದರೆ ಕೇಳೋಕೆ ಯಾರು ಬರುತ್ತಾರೆ?

ರೆಕಾರ್ಡಿಂಗಿಗೆ ಹೋಗುವವರು ದಯವಿಟ್ಟು ತಿದ್ದದ ಟ್ರ್ಯಾಕನ್ನೂ ಕೇಳಿ ತೆಗೆದುಕೊಳ್ಳಿ. ನಾವು ಕೇಳಿದೆವು. ಹುಡುಗ ಎರಡನೇ ಸಾಲಿನ ತಿದ್ದುಪಡಿ ತೆಗೆದು ಹಾಕಿದ. ಅವನೇ ಹಿಂದಕ್ಕೆ ಹೋಗಿ ಇನ್ನೊಂದು ಸಲ ಕೇಳಿದ. ಆಮೇಲೆ ಹೆಡ್‌ಫೋನನ್ನು ಅವಳ ಕೈಗೆ ಕೊಟ್ಟು, "ಪೂರ್ತಿ ಹಾಡು ಮತ್ತೆ ಕೂತು ನೋಡೋಣ ತಂಗಿ, ಎಲ್ಲೆಲ್ಲಿ ಬಿಡಬೇಕು ನೀನೇ ಹೇಳು" ಎಂದ.